ಅರ್ಧ ಹೇಳಿದ ರಿಪೋರ್ಟು

ಬಸುರಿನ ತಪಾಸಣೆಯಲ್ಲಿ ಸುಮನಾಳ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಕಾಣಿಸಿತು. ಸಖರಾಯಪಟ್ಟಣದ ಮನೆಗೆ ಬಂದ ಸಂಜೆಯೇ ಅತ್ತೆ ಮಲ್ಲಿಕಾಂಬ ಅವಳ ಹಾಸಿಗೆಯನ್ನು ಕೊಬ್ಬರಿ ತುಂಬುವ ಕೋಣೆಗೆ ಹಾಕಿಸಿದರು. ಅಡುಗೆಮನೆಗೆ ಬರಕೂಡದು, ಕೊಡ ಮುಟ್ಟಕೂಡದು.

"ಒಟ್ಟಿಗೆ ಉಂಡ್ರೆ ಬರಲ್ವಂತೆ ಅತ್ತೆ, ಡಾಕ್ಟ್ರೇ ಹೇಳಿದ್ರು."

"ಡಾಕ್ಟ್ರು ನಮ್ಮನೇಲಿ ಉಣ್ತಾರಾ? ಸುಮ್ನಿರೇ."

ಮುಂದಿನ ವಾರ ಗಂಡ ಪ್ರಸನ್ನಕುಮಾರನೂ ಕಡೂರಿನ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟ. ಡಾಕ್ಟರು ಇಬ್ಬರನ್ನೂ ಕೂರಿಸಿ ರಿಪೋರ್ಟು ಬಿಡಿಸಿ ಹೇಳಿದರು.

"ನಿಮ್ಮಲ್ಲಿ ಈಗ ವೈರಸ್ ಇಲ್ಲ ಪ್ರಸನ್ನ. ಆದ್ರೆ ಹಿಂದೆ ಯಾವಾಗ್ಲೋ ಬಂದು ವಾಸಿಯಾಗಿದೆ. ಅದರ ಗುರುತು ರಕ್ತದಲ್ಲಿ ಉಳಿದಿದೆ."

"ಹಂಗಾದ್ರೆ ನಂಗೆ ಇವರಿಂದ್ಲೇ ಬಂತಾ?" ಎಂದಳು ಸುಮನಾ.

"ಅದನ್ನ ರಕ್ತ ಹೇಳಲ್ಲಮ್ಮ. ಹುಟ್ಟುವಾಗ ನಿಮ್ಮ ತಾಯಿಯಿಂದ್ಲೂ ಬಂದಿರಬಹುದು. ಮಗು ಹುಟ್ಟಿದ ಕೂಡ್ಲೇ ಇಂಜೆಕ್ಷನ್ ಕೊಡ್ತೀವಿ. ಎದೆಹಾಲು ಧಾರಾಳವಾಗಿ ಕುಡಿಸಿ."

ಬಸ್ಸಿನಲ್ಲಿ ಪ್ರಸನ್ನ ಕಿಟಕಿಯ ಕಡೆ ತಿರುಗಿ ಕೂತ. ಮನೆಯಲ್ಲಿ "ನಂದು ನೆಗೆಟಿವ್ ಕಣವ್ವ" ಎಂದಷ್ಟೇ ಹೇಳಿದ. ಸುಳ್ಳಲ್ಲ, ಆದರೆ ಅರ್ಧ. ಸುಮನಾ ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಬೇಡಿಕೊಂಡ. ಅವಳು ಆ ಮಾತು ಎತ್ತದೆ ತನ್ನ ಕೋಣೆಗೆ ನಡೆದಳು.

ತವರಿಗೆ ಹೋಗೋಣವೆಂದರೆ ಅಜ್ಜಂಪುರದಲ್ಲಿ ತಂಗಿಗೆ ಗಂಡು ನೋಡುತ್ತಿದ್ದರು. ಈ ಸುದ್ದಿ ಅಲ್ಲಿ ಹಬ್ಬಿದರೆ ಅವಳ ಮದುವೆ ನಿಂತೀತು. ಕೋಣೆಗೆ ಯಾರೂ ಚಿಲಕ ಹಾಕಿರಲಿಲ್ಲ. ಆದರೂ ಸುಮನಾಗೆ ಹೋಗಲು ಜಾಗವಿರಲಿಲ್ಲ. ಕೊಬ್ಬರಿಯ ಕಮಟು ವಾಸನೆಯಲ್ಲಿ ವಾಂತಿ ಬಂದರೂ ಅಲ್ಲೇ ಮಲಗುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತು "ಊಟ ಆಯ್ತಾ?" ಎಂದು ಕೇಳಿ ಹೋಗುತ್ತಿದ್ದ.

ಕಡೂರಿನ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು. ಇಂಜೆಕ್ಷನ್ನೂ ಆಯಿತು. ಮಲ್ಲಿಕಾಂಬ ಪುಡಿಹಾಲು ಕಲಸಿಕೊಂಡು ಬಂದು ಕೈಚಾಚಿದರು.

"ಕೊಡಿಲ್ಲಿ ಮಗೂನ. ನಿನ್ನ ಹಾಲು ಬ್ಯಾಡ."

ಸುಮನಾ ಮಗುವನ್ನು ಎದೆಗೆ ಒತ್ತಿಕೊಂಡಳು. "ಕೊಡಲ್ಲ ಅತ್ತೆ. ನಿಮ್ಮ ಮಗನಿಗೂ ಇದು ಬಂದು ಹೋಗೈತೆ. ಅವರನ್ನೇ ಕೇಳಿ."

ಪ್ರಸನ್ನ ನೆಲ ನೋಡಿದ. "ಹೌದು ಕಣವ್ವ" ಎಂದ.

ಮಲ್ಲಿಕಾಂಬ ಪುಡಿಹಾಲನ್ನು ಪಕ್ಕಕ್ಕಿಟ್ಟರು. ಆಮೇಲೆ ಹೋಗಿ ಬಾಗಿಲು ಮುಂದೆ ಮಾಡಿದರು.

"ಕುಡಿಸ್ಕೋ. ಆದ್ರೆ ಈ ಕಾಯಿಲೆ ಮಾತು ಯಾರ ಕಿವಿಗೂ ಬೀಳ್ಬಾರ್ದು. ನಿನ್ನ ತವರಿಗೂ."

ಸುಮನಾಳ ಹಾಸಿಗೆ ನಡುಮನೆಗೆ ಬಂತು. ಅಕ್ಕಪಕ್ಕದವರು ಬಂದಾಗ ಮಾತ್ರ, ಅವಳು ಬಾಯಿಬಿಟ್ಟಾಳೆಂದು ಅತ್ತೆ ಅವಳ ಪಕ್ಕದಿಂದ ಏಳುತ್ತಿರಲಿಲ್ಲ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಮಾಡಿಸಿದ ಪರೀಕ್ಷೆಯಲ್ಲಿ ಸೋಂಕಿಲ್ಲ, ಇಂಜೆಕ್ಷನ್ನಿನಿಂದ ರಕ್ಷಣೆ ಬಂದಿದೆ ಎಂದು ಗೊತ್ತಾಯಿತು. ಅಷ್ಟು ದೊಡ್ಡ ಸಂತೋಷವನ್ನು ಸುಮನಾ ತನ್ನ ಹೆತ್ತ ತಾಯಿಗೂ ಹೇಳುವಂತಿರಲಿಲ್ಲ.