ಹಾಡಿದವರು: ಅಜ್ಞಾತ

“ಯಾವನಲೇ ನಿನಗೆ ಟೇಪು ಕೇಳು ಅಂದಿದ್ದು? ಡಬ್ಬಿ ಮೇಲೇನಿದೆಯೋ ಅದನ್ನ ಕಂಪ್ಯೂಟರಿಗೆ ಬಡಿ. ಕ್ಯಾಟಲಾಗ್ ಮಾಡೋಕೆ ಬೆರಳು ಸಾಕು, ಕಿವಿ ಯಾಕೋ ಬೋಳಿಮಗನೆ?”

ಗ್ರಂಥಪಾಲರು ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತರು. ಕಿವಿಯೂ ಜೊತೆಗೆ ಹೋಗಬೇಕಿತ್ತು, ಹೇಗೋ ಉಳಿಯಿತು. ಬೆನ್ನ ಹಿಂದೆ ನಾವು ಅವರನ್ನು ಡಬ್ಬಿ ಸಾಹೇಬ ಎನ್ನುತ್ತೇವೆ. ಒಂದು ಹಾಡನ್ನೂ ಕೇಳದೆ, ಡಬ್ಬಿಯ ಚೀಟಿ ನೋಡಿಯೇ ವಿಶ್ವವಿದ್ಯಾಲಯದ ಸಂಗೀತವನ್ನೆಲ್ಲ ನಮೂದಿಸಿದ ಮಹಾನುಭಾವರು. ಖಾಲಿ ಡಬ್ಬಿಗೂ ನಂಬರು ಕೊಟ್ಟಿದ್ದರು.

ನನ್ನ ಮುಂದಿದ್ದ ಚೀಟಿಯಲ್ಲಿ ಹೀಗಿತ್ತು: ‘ಇಟ್ಟಿಗೆ ಹೊರುವವರ ಹಾಡು. ಸಂಗ್ರಹ: ಪ್ರೊಫೆಸರ್. ಹಾಡಿದವರು: ಅಜ್ಞಾತ. ಸಹಜವಾದ ಒರಟು ಕಂಠ.’ ಇದೇ ಗ್ರಂಥಾಲಯ ಕಟ್ಟುವಾಗ ಹಿಡಿದಿಟ್ಟ ಹಾಡುಗಳು. ಅವುಗಳ ಮೇಲೆ ಪುಸ್ತಕ ಬರೆದೇ ಪ್ರೊಫೆಸರು ದೊಡ್ಡವರಾಗಿದ್ದರು. ಹೊಸ ಕ್ಯಾಟಲಾಗಿನ ಉದ್ಘಾಟನೆಗೆ ಮರುದಿನ ಅವರೇ ಬರುವವರಿದ್ದರು.

“ಅಜ್ಞಾತ ಅಲ್ಲ ಸಾರ್. ಹಾಡಿರೋದು ನಮ್ಮವ್ವ.”

ಹುಡುಗಿಯಾಗಿದ್ದಾಗ ಈ ಕಟ್ಟಡಕ್ಕೆ ಇಟ್ಟಿಗೆ ಹೊತ್ತ ಅವ್ವ ಈಗ ಇಲ್ಲೇ ಕಸ ಗುಡಿಸುತ್ತಾಳೆ. ಗುಡಿಸುವಾಗ ಈಗಲೂ ಅದೇ ಹಾಡು, ಅದೇ ಕೆಮ್ಮು. ಕಂಡವರ ದನಿ ನಕಲು ಮಾಡುವ ನನ್ನ ಚಾಳಿಯೂ ಅವಳಿಂದಲೇ ಬಂದದ್ದು.

ಡಬ್ಬಿ ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. “ಕಕ್ಕಸು ತೊಳೆಯೋಳು ಗಾಯಕಿಯಾ? ಹಂಗಾದ್ರೆ ಪೊರಕೆಗೂ ಒಂದು ಎಂಟ್ರಿ ಹಾಕು, ವಾದ್ಯ ಅಂತ! ಅಜ್ಞಾತ ಅಂತಲೇ ಬಡಿ. ಇಲ್ಲಾಂದ್ರೆ ಅವ್ವ, ಮಗ ಇಬ್ರೂ ಗೇಟಿನಾಚೆ.”

ಅವರು ಹೋದ ಮೇಲೆ ಟೇಪನ್ನು ಕೊನೆಯವರೆಗೂ ಕೇಳಿದೆ. ಹಾಡು ಮುಗಿದು, ಬರೀ ಸುಯ್ ಎನ್ನುವ ಸದ್ದು. ಆಮೇಲೆ ಮಾತು. ಮೆಷೀನು ನಿಲ್ಲಿಸಲು ಪ್ರೊಫೆಸರು ಮರೆತಿದ್ದರು. ‘ಹಾಡಿದವರು’ ಎಂಬಲ್ಲಿ ಅವ್ವನ ಹೆಸರು ಬಡಿದೆ.

ಮರುದಿನ ಸಭಾಂಗಣ ತುಂಬಿತ್ತು. ಅತಿಥಿಗಳಿಗೆ ಕೊಡಲು ಅವ್ವ ನೀರಿನ ಲೋಟಗಳ ತಟ್ಟೆ ಹಿಡಿದು ವೇದಿಕೆಯ ಅಂಚಿನಲ್ಲಿ ನಿಂತಿದ್ದಳು. ಪ್ರೊಫೆಸರು ಒಂದು ತಾಸು “ಶ್ರಮಿಕರ ದನಿಗೆ ನಾನು ಕಿವಿಯಾದೆ” ಎಂದು ಕೊರೆದರು. ಪರದೆಯ ಮೇಲೆ ಅವ್ವನ ಹೆಸರು ಮೂಡಿತು. ಡಬ್ಬಿ ಸಾಹೇಬರು ನನ್ನತ್ತ ಹಲ್ಲು ಕಡಿದರು. ಹಾಡಿನ ತುಣುಕು ಹಾಕಬೇಕಾದವನು ನಾನು. ಅದರ ಬದಲು ಟೇಪಿನ ಬಾಲದಲ್ಲಿದ್ದ ಮಾತು ಹಾಕಿದೆ.

“ಸಾಮೀ, ನೀರು... ಬೆಳಿಗ್ಗೆಯಿಂದ ಹಾಡ್ತಾ ಇದೀನಿ.” ಹನ್ನೆರಡರ ಹುಡುಗಿಯ ದನಿ.

“ಇನ್ನೊಂದ್ಸಲ ಹಾಡು, ಆಮೇಲೆ ನೀರು. ಗಂಟಲು ಒಣಗಿದ್ರೇನೇ ಮಜಾ.” ಪ್ರೊಫೆಸರರ ಹರೆಯದ ದನಿ.

“ನನ್ ಹೆಸರಾದ್ರೂ ಬರ್ಕಳಿ...”

“ಇಟ್ಟಿಗೆಗೆ ಹೆಸರಿರ್ತದೇನೇ ಮುಂಡೇದೆ? ಹಾಡು!”

“ನಿಲ್ಲಿಸ್ರೋ ಅದನ್ನ!” ಪ್ರೊಫೆಸರರಿಗೆ ಕೆಮ್ಮು ಒತ್ತರಿಸಿ ಬಂತು. ನೀರಿಗಾಗಿ ತಟ್ಟೆಯತ್ತ ಕೈ ಚಾಚಿದರು.

ಅವ್ವ ತಟ್ಟೆಯನ್ನು ಹಿಂದೆಳೆದಳು. ಒಂದು ಲೋಟ ಎತ್ತಿ ಗಟಗಟ ಕುಡಿದಳು.

“ಏ ಹಲ್ಕಾ ಹೆಂಗಸೇ, ಅದು ಸಾಹೇಬರ ನೀರು!” ಡಬ್ಬಿ ಸಾಹೇಬರು ಅರಚಿದರು.

ಅವ್ವ ಎರಡನೆಯದನ್ನೂ ಮುಗಿಸಿ, ಬಾಯಿ ಒರೆಸಿಕೊಂಡಳು. ಆಮೇಲೆ ಟೇಪಿನಲ್ಲಿದ್ದ ಪ್ರೊಫೆಸರರ ಹರೆಯದ ದನಿಯಲ್ಲೇ, ಅದೇ ರಾಗದಲ್ಲಿ ಹೇಳಿದಳು:

“ಇನ್ನೊಂದ್ಸಲ ಭಾಷಣ ಮಾಡಿ, ಆಮೇಲೆ ನೀರು.”

ಕಾವಲಿನವರು ನಮ್ಮಿಬ್ಬರ ರಟ್ಟೆ ಹಿಡಿದು ಎಳೆದರು. ಟೇಪು ನಿಲ್ಲಿಸುವುದು ಹೇಗೆಂದು ಉಳಿದ ಯಾರಿಗೂ ಗೊತ್ತಿರಲಿಲ್ಲ. ಟೇಪಿನಲ್ಲಿ ಹುಡುಗಿ ಕೆಮ್ಮುತ್ತ, ಮತ್ತೆ ಮೊದಲಿನಿಂದ ಹಾಡತೊಡಗಿದಳು.