ಕೊನೆಯ ಬೆಂಚಿನ ಆಮೆನ್

ಶುಕ್ರವಾರ ಬೆಳಗ್ಗೆ ಪೆಟ್ಟಿಗೆ ಮಾಸ್ತರು ಚರ್ಚಿನ ನೆಲದ ಮೇಲೆ ಕಾಲು ಚಾಚಿ ಕೂತು, ಹಾರ್ಮೋನಿಯಂನ ಹಿಂಬದಿಯ ಹಲಗೆ ಬಿಚ್ಚಿ, ಗಾಳಿಯೂದುವ ಹರಿದ ತಿದಿಗೆ ತೊಗಲಿನ ತೇಪೆ ಅಂಟಿಸುತ್ತಿದ್ದರು. ಕಾಲಿನಿಂದ ತುಳಿದು ನುಡಿಸುವ ಹಳೆಯ ಪೆಟ್ಟಿಗೆ ಅದು. ನಲವತ್ತು ವರ್ಷ ಅದನ್ನು ನುಡಿಸಿದ್ದರಿಂದ ಊರಿಗೆಲ್ಲ ಅವರು ಪೆಟ್ಟಿಗೆ ಮಾಸ್ತರು; ಸ್ವಂತ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಉಳಿದಿತ್ತು.

ಆಗ ಗಡಿಯಾರ ರಿಪೇರಿಯವನು ಬಂದು ಬಾಗಿಲಲ್ಲಿ ನಿಂತ. ಎಂಥ ಕೆಟ್ಟ ಗಡಿಯಾರವೂ ಅವನ ಕೈಯಲ್ಲಿ ಸರಿಯಾಗಿ ಓಡುತ್ತಿತ್ತು. ಅವನ ಮಾತು ಮಾತ್ರ ಹುಟ್ಟಿನಿಂದ ತೊದಲು. ಮಾಸ್ತರಿಗೋ ಕಾಯುವ ವ್ಯವಧಾನವಿಲ್ಲ. ಅವನು ಬಾಯಿ ತೆರೆದರೆ ಸಾಕು, ಉಳಿದ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು.

"ಮಾ... ಮಾಸ್ತರೇ, ದೊ... ದೊಡ್ಡಕ್ಕ ಹೋ... ಹೋ..."

"ಹೋಗ್ತೀನಿ ಅಂತಿದ್ದಾರಾ? ಮನೆಗೆ ಹೋಗ್ತೀನಿ ಅಂತ ಆಸ್ಪತ್ರೆಯವರ ತಲೆ ತಿಂತಿದ್ದಾರಾ? ನಾನು ಹೇಳ್ಲಿಲ್ವೇನಯ್ಯಾ, ಗಟ್ಟಿ ಜೀವ ಅಂತ!"

ಅವನು ಇಲ್ಲವೆಂದು ತಲೆಯಾಡಿಸಿದ. ಮಾಸ್ತರು ಆ ದಿನ ಮೊದಲ ಬಾರಿಗೆ ಬಾಯಿ ಮುಚ್ಚಿ ಕಾದರು.

"ಹೋ... ಹೋದ್ರು. ಬೆ... ಬೆಳಗ್ಗೆ ಐದಕ್ಕೆ."

ಅಂಟಿನ ಕುಂಚ ಮಾಸ್ತರ ಕೈಯಲ್ಲೇ ಒಣಗಿತು.

ಎಂಬತ್ತಾರು ವರ್ಷದ ದೊಡ್ಡಕ್ಕ ಯಾರನ್ನೂ ಹೆತ್ತವರಲ್ಲ. ಆದರೆ ಅಕ್ಕ ಎನ್ನುವವರು ಊರ ತುಂಬ ಇದ್ದರು. ಅರವತ್ತು ವರ್ಷ ಚರ್ಚಿನ ಪೀಠಕ್ಕೆ ಹಾಸುವ ಬಟ್ಟೆ ಒಗೆದು ಇಸ್ತ್ರಿ ಮಾಡಿದವರು ಅವರು. ಊರಿನ ಅರ್ಧ ಹೆಣ್ಣುಮಕ್ಕಳಿಗೆ ಅಂಗಿಯ ಗುಂಡಿಮನೆ ಹೊಲಿಯಲು ಕಲಿಸಿದ್ದರು. ಯಾರದಾದರೂ ಮನೆಯಲ್ಲಿ ಕಾಯಿಲೆ ಎಂದರೆ ಕೊಡೆ, ಬಟ್ಟೆಚೀಲ ಹಿಡಿದು ಹೊರಟೇಬಿಡುತ್ತಿದ್ದರು. ಆ ಮನೆಯವರು ಯಾವ ಪ್ರಾರ್ಥನೆ ಮಾಡುತ್ತಾರೆ, ಮಾಡುತ್ತಾರೋ ಇಲ್ಲವೋ ಎಂದು ಕೇಳಿದವರಲ್ಲ. ಬಾಯಿ ಮಾತ್ರ ಹರಿತ. ಹೊಸದಾಗಿ ಬಂದ ಪಾದ್ರಿಗಳು ಕೆಸರುಗಾಲಲ್ಲಿ ಚರ್ಚಿನೊಳಗೆ ಬಂದಾಗ, "ಸ್ವಾಮಿ, ನಮ್ಮನ್ನ ಪರಲೋಕಕ್ಕೆ ಆಮೇಲೆ ಕರ್ಕೊಂಡು ಹೋಗೋರಂತೆ, ಮೊದ್ಲು ಕಾಲೊರೆಸಿ" ಎಂದಿದ್ದರು.

ಒಂದೇ ಕುಂದು: ಪ್ರತಿ ಕೀರ್ತನೆಯ ಕೊನೆಗೆ ಎಲ್ಲರ ಆಮೆನ್ ಮುಗಿದು, ಪೆಟ್ಟಿಗೆಯ ಸ್ವರ ಅಡಗಿದ ಮೇಲೆ, ಕೊನೆಯ ಬೆಂಚಿನಿಂದ ದೊಡ್ಡಕ್ಕನ ಆಮೆನ್ ಎಳೆದುಕೊಂಡು ಬರುತ್ತಿತ್ತು. ತಾಳದಲ್ಲಿ ಪ್ರಾಣವಿಟ್ಟಿದ್ದ ಮಾಸ್ತರಿಗೆ ಅದು ಹಲ್ಲಿನ ಸಂದಿಯ ನಾರು. ಒಮ್ಮೆ ಹಬ್ಬದ ಹಾಡಿನ ಅಭ್ಯಾಸದಲ್ಲಿ ತಡೆಯಲಾರದೆ ಎಲ್ಲರೆದುರು ಅಂದುಬಿಟ್ಟರು: "ಏನಕ್ಕಾ, ಎಲ್ಲರೂ ಮನೆಗೆ ಹೋಗಿ ಉಂಡು ಮಲಗಿದ ಮೇಲೆ ನೀವು ಹೊಸ್ತಿಲು ದಾಟ್ತೀರಲ್ಲ!"

ಎಲ್ಲರೂ ಗೊಳ್ಳೆಂದರು. ದೊಡ್ಡಕ್ಕನೂ ನಕ್ಕರು. ಆದರೆ ಮುಂದಿನ ಭಾನುವಾರದಿಂದ ಅವರ ದನಿ ತಗ್ಗಿತು. ಆಮೆನ್ ತಡವಾಗಿಯೇ ಬರುತ್ತಿತ್ತು, ಕಳ್ಳಹೆಜ್ಜೆಯಲ್ಲಿ. ಅದಾಗಿ ಹನ್ನೊಂದು ವರ್ಷ. ತಪ್ಪಾಯಿತು ಎನ್ನಬೇಕೆಂದು ಮಾಸ್ತರು ಎಷ್ಟು ಭಾನುವಾರ ಅಂದುಕೊಂಡರೋ! ನಾಡಿದ್ದು ಆಸ್ಪತ್ರೆಗೆ ಹೋಗಿ ಹೇಳಿಯೇ ಬಿಡುವುದೆಂದು ಈ ಸಲ ಗಟ್ಟಿ ಮಾಡಿಕೊಂಡಿದ್ದರು.

"ನನ್ನ ಮೇಲೆ ಬೇಜಾರು ಇಟ್ಕೊಂಡೇ ಹೋದ್ರೇನೋ," ಎಂದರು ಈಗ, ತಮಗೇ ಎಂಬಂತೆ. "ಅವರ ಆಮೆನ್ ಬಗ್ಗೆ ಹಾಗೆ ಆಡಬಾರದಿತ್ತು."

ಗಡಿಯಾರದವನು ಅವರ ಪಕ್ಕದಲ್ಲೇ ನೆಲಕ್ಕೆ ಕೂತ. ಅವನು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಮಾಸ್ತರು ನಡುವೆ ಒಂದು ಮಾತೂ ಹಾಕಲಿಲ್ಲ.

"ಅದು ಅ... ಅವರ ಆಮೆನ್ ಅಲ್ಲ ಮಾಸ್ತರೇ, ನ... ನಂದು. ಚಿಕ್ಕವನಿದ್ದಾಗ ನಾನೊಬ್ಬನೇ ಹಿಂದೆ ಉಳಿದು ತ... ತೊದಲಿದ್ರೆ ಎಲ್ಲರೂ ತಿರುಗಿ ನೋಡಿ ನಗೋರು. ಆಗಿಂದ ಅಕ್ಕ ನನ್ನ ಪ... ಪಕ್ಕ ಕೂತ್ರು. ನನ್ನ ಬಾಯಿಗೆ ಬ... ಬರೋವರೆಗೆ ಕಾದು, ಜೊತೆಗೆ ಹೇಳೋರು. ಅವರ ದ... ದನಿಯಲ್ಲಿ ನನ್ನದು ಮುಚ್ಚಿಹೋಗೋದು."

"ಅಯ್ಯೋ! ಒಂದು ಮಾತು ಹೇಳಬಾರದಿತ್ತೇ ನನಗೆ?"

"ಹೇ... ಹೇಳ್ತೀನಿ ಅಂದೆ. ಬೇಡ, ಮಾಸ್ತರಿಗೆ ಗೊತ್ತಾದ್ರೆ ಪಾ... ಪಾಪ, ಸಂಕಟ ಪಡ್ತಾರೆ ಅಂದ್ರು."

ಮಾಸ್ತರು ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು. ಯಾವ ಸ್ವರಕ್ಕೆ ಇಷ್ಟು ವರ್ಷ ಹುಬ್ಬು ಗಂಟಿಕ್ಕಿದ್ದರೋ, ಅದೊಂದು ಸಲ, ಒಂದೇ ಒಂದು ಸಲ ಕೇಳಿದರೆ ಸಾಕೆಂದು ಜೀವ ಒದ್ದಾಡಿತು.

ಮರುದಿನ ಮಧ್ಯಾಹ್ನ ದೊಡ್ಡಕ್ಕನ ಶವಪೆಟ್ಟಿಗೆಯನ್ನು ಅವರೇ ಒಗೆದಿಟ್ಟಿದ್ದ ಬಿಳಿಯ ಬಟ್ಟೆ ಹಾಸಿದ ಪೀಠದ ಮುಂದೆ ಇಳಿಸಿದರು. ಕೂರಲು ಜಾಗವಿಲ್ಲದೆ ಜನ ಅಂಗಳದಲ್ಲೂ ನಿಂತರು. ಕೊನೆಯ ಬೆಂಚಿನಲ್ಲಿ ಗಡಿಯಾರದವನ ಪಕ್ಕದ ಜಾಗ ಮಾತ್ರ ಖಾಲಿಯಿತ್ತು. ಅಲ್ಲಿ ಕೂರಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಕೊನೆಯ ಕೀರ್ತನೆ ಮುಗಿಯಿತು. ಎಲ್ಲರ ಆಮೆನ್ ಒಟ್ಟಿಗೆ ಎದ್ದು ಅಡಗಿತು. ಮಾಸ್ತರು ಬೆರಳು ತೆಗೆಯಲಿಲ್ಲ. ಮಂಡಿ ನೋಯುತ್ತಿದ್ದರೂ ತುಳಿಯುತ್ತಲೇ ಇದ್ದರು. ಹೊಸ ತೇಪೆ ಹಾಕಿದ ತಿದಿ ಏದುಸಿರು ಬಿಡುತ್ತ ಸ್ವರವನ್ನು ಹಿಡಿದೇ ನಿಂತಿತು. ಪಾದ್ರಿಗಳು ತಿರುಗಿ ನೋಡಿದರು. ಮಾಸ್ತರು ತಾಳ ಮರೆತರೇನೋ ಎಂದು ಯಾರೋ ಪಿಸುಗುಟ್ಟಿದರು.

ಹಿಂದಿನಿಂದ ಬಂತು: "ಆ... ಆ... ಆಮೆನ್."

ಆಗ ಮಾಸ್ತರು, ದೊಡ್ಡಕ್ಕ ಎಳೆಯುತ್ತಿದ್ದಷ್ಟೇ ಎಳೆದು, ತಮ್ಮ ಒಡಕು ದನಿಯನ್ನು ಅದಕ್ಕೆ ಕೂಡಿಸಿದರು. ಬೆರಳು ತೆಗೆದು, ತಲೆ ತಗ್ಗಿಸಿ, ಮನಸ್ಸಿನಲ್ಲೇ ಬೇಡಿಕೊಂಡರು:

ಕರ್ತನೇ, ಕಾಯುವುದನ್ನು ಬಲ್ಲ ನಿನ್ನ ಮಗಳು ಬರುತ್ತಿದ್ದಾಳೆ. ಅವಳ ಕೈಯ ಕೊಡೆ, ಚೀಲ ಇಳಿಸಿಕೋ. ಒಗೆದು, ನಡೆದು ದಣಿದ ಆ ಮೈಗೆ ನೆರಳು ಕೊಡು. ಕೊನೆಯ ಬೆಂಚನ್ನೇ ಕೇಳುತ್ತಾಳೆ, ಇಲ್ಲವೆನ್ನಬೇಡ. ನಾನು ಹೇಳದೆ ಉಳಿಸಿಕೊಂಡ ಮಾತನ್ನು ನೀನೇ ಅವಳಿಗೆ ಮುಟ್ಟಿಸು. ಅವಳ ಆತ್ಮಕ್ಕೆ ಮುಗಿಯದ ಶಾಂತಿ ಇರಲಿ.