ಗಾಜಿನ ಹೊರಗಿನ ಜುಂಜಯ್ಯ

ಜುಂಜಯ್ಯನನ್ನು ಮೊದಲ ಸಲ ಕಂಡವರೆಲ್ಲ ಅವನಿಗೆ ಕಿವಿ ಕೇಳಿಸುವುದಿಲ್ಲವೆಂದೇ ತೀರ್ಮಾನಿಸುತ್ತಾರೆ. ನೀವು ಮಾತಿಗೆ ತೊಡಗಿದೊಡನೆ ಅವನ ದೃಷ್ಟಿ ನಿಮ್ಮ ಕಣ್ಣನ್ನು ಬಿಟ್ಟು ತುಟಿಗಳ ಮೇಲೆ ಬಂದು ನಿಲ್ಲುತ್ತದೆ. ಮಾತು ಮುಗಿದ ಮೇಲೂ ಅರೆಗಳಿಗೆ ಅಲ್ಲಿಯೇ ಇರುತ್ತದೆ. ಆಮೇಲೆ ಉತ್ತರವಾಗಿ ಬಾಯಿಯ ಬದಲು ಬಲಗೈ ಮೇಲೇಳುತ್ತದೆ. ಚಿತ್ರದುರ್ಗದಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಹಿಂದೆ ಚಹಾದಂಗಡಿ ಇಟ್ಟಿರುವ ಕಾಳಕ್ಕ, ಎರಡು ವರ್ಷ ಅವನೊಡನೆ ಕಿರಿಚಿಯೇ ವ್ಯವಹರಿಸಿದ್ದಳು. ಒಂದು ಬೆಳಿಗ್ಗೆ ಅವನು ಮೆಲ್ಲಗೆ, "ಯಾಕವ್ವ ಹಂಗೆ ಕೂಗ್ತೀಯ, ನಂಗೆ ಕಿವಿ ಚೆನ್ನಾಗೇ ಅವೆ" ಎಂದ. ಕಾಳಕ್ಕ ಸೋಸುತ್ತಿದ್ದ ಚಹಾವನ್ನು ಅಲ್ಲಿಗೇ ನಿಲ್ಲಿಸಿ, "ಎರಡು ವರ್ಸ ಗಂಟ್ಲು ಹರ್ಕಂಡಿದ್ದು ದಂಡ ಆತಲ್ಲೋ ಮಾರಾಯ!" ಎಂದು ಹಣೆ ಚಚ್ಚಿಕೊಂಡಳು.

ಅವನ ಅಭ್ಯಾಸಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷಗಳಿಂದ ಅವನು ಕಟ್ಟಡಗಳ ಗಾಜನ್ನು ಹೊರಗಿನಿಂದ ಒರೆಸುವವನು. ಅವನ ಪರಿಚಯಸ್ಥರೆಲ್ಲ ತೆರೆಯಲಾಗದ ಗಾಜುಗಳ ಒಳಗೆ ಕುಳಿತವರು. ಅವರ ತುಟಿಗಳು ಚಲಿಸುತ್ತವೆ, ಧ್ವನಿ ಹೊರಗೆ ಬರುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಕಡೆಯ ಕುರಿಗಾಹಿಗಳ ಮನೆತನ ಅವನದು. ಅಣ್ಣ ಬೀರಪ್ಪ ಈಗಲೂ ಮಂದೆ ಇಟ್ಟುಕೊಂಡಿದ್ದಾನೆ. ಬಾಲ್ಯದಲ್ಲಿ ಬಂಡೆಯ ನೆತ್ತಿಯಲ್ಲಿ ಸಿಕ್ಕಿಕೊಂಡ ಮರಿಗಳನ್ನು ಹಗ್ಗ ಕಟ್ಟಿಕೊಂಡು ಇಳಿಸುತ್ತಿದ್ದ ಜುಂಜಯ್ಯನಿಗೆ, ಪೇಟೆಯ ಅಂಗಡಿ ಮುಂಗಟ್ಟುಗಳಿಗೆ ಗಾಜಿನ ಹುಚ್ಚು ಹಿಡಿದ ಕಾಲಕ್ಕೆ ಅದೇ ವಿದ್ಯೆ ಅನ್ನವಾಯಿತು. ಸೊಂಟಕ್ಕೆ ಹಗ್ಗ ಒತ್ತದಿರಲೆಂದು ಕರಿಕಂಬಳಿಯ ಅಗಲವಾದ ಪಟ್ಟಿ. ಅದರ ಮೇಲೆ, ಬೇಸಿಗೆಯಿರಲಿ ಚಳಿಯಿರಲಿ, ಬಣ್ಣ ಯಾವುದೆಂದು ಹೇಳಲಾಗದ ಒಂದು ಹಳೆಯ ಕೋಟು. ನೆಲದ ಮೇಲೆ ನಡೆಯುವಾಗ ಮಾತ್ರ ಅವನ ಗತ್ತೆಲ್ಲ ಇಳಿದುಹೋಗುತ್ತದೆ. ತುಸು ಓರೆಯಾಗಿ, ಗೋಡೆಗೆ ಹತ್ತಿರವಾಗಿ, ಕಾಲಡಿಯ ರಸ್ತೆಯನ್ನು ಪೂರ್ತಿ ನಂಬದವನ ಹಾಗೆ ಹೆಜ್ಜೆ ಹಾಕುತ್ತಾನೆ.

ಹಗ್ಗಕ್ಕೆ ತೂಗಿಬಿದ್ದರೆ ಅವನು ಬೇರೆಯೇ ಮನುಷ್ಯ. ಮೊದಲು ಒದ್ದೆಯ ಕಂಬಳಿತುಂಡಿನಿಂದ ಧೂಳನ್ನು ನೆನೆಸಿ, ರಬ್ಬರು ಪಟ್ಟಿಯನ್ನು ಮೇಲಿನಿಂದ ಒಂದೇ ಉಸಿರಿನಲ್ಲಿ ಬಳುಕಿಸುತ್ತ ಇಳಿಸಿ, ಮೂಲೆಗಳಲ್ಲಿ ಉಳಿದ ತೇವವನ್ನು ಒಣಬಟ್ಟೆಯಿಂದ ಎತ್ತಿಬಿಡುವ ಆ ಕ್ರಮದಲ್ಲಿ ಒಂದು ಲಯವಿತ್ತು. ನನ್ನ ತರಗತಿಯ ಕಿಟಕಿಗೆ ಅವನು ಬಂದ ದಿನ ಅರವತ್ತು ವಿದ್ಯಾರ್ಥಿಗಳೂ ನನ್ನನ್ನು ಮರೆತು ಅವನನ್ನೇ ನೋಡುತ್ತಿದ್ದರು. ನಾನೂ ಪಾಠ ನಿಲ್ಲಿಸಿ ನೋಡಿದೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಅವನ ಹಟವೊಂದೇ: ಗಾಜಿನ ಮೇಲೆ ಒಂದು ಹನಿಯೂ ತಾನಾಗಿ ಒಣಗಕೂಡದು. ನಮ್ಮ ಸೀಮೆಯ ಕೊಳವೆಬಾವಿಯ ನೀರು ಎಲ್ಲಿ ಒಣಗಿದರೂ ಬಿಳಿಯ ಚುಕ್ಕೆ ಬಿಟ್ಟೇ ಹೋಗುತ್ತದೆ.

ಹೆದ್ದಾರಿಯ ಬದಿಯ ನಾಲ್ಕು ಮಹಡಿಯ ಆಸ್ಪತ್ರೆಯೊಂದರಲ್ಲಿ ಹದಿನೈದು ದಿನಕ್ಕೊಮ್ಮೆ ಮಂಗಳವಾರ ಅವನ ಕೆಲಸ. ಅಲ್ಲಿಯದು ದೂರಕ್ಕೆ ಕನ್ನಡಿಯಂತೆ ಹೊಳೆದು, ಮುಖವನ್ನು ಹತ್ತಿರ ತಂದಾಗ ಮಾತ್ರ ಒಳಗನ್ನು ತೋರಿಸುವ ಜಾತಿಯ ಗಾಜು. ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಹೊಲಿಗೆಯಂತ್ರ ಇಟ್ಟುಕೊಂಡು, ಆಸ್ಪತ್ರೆಯ ಹರಿದ ಹಾಸು ಹೊದಿಕೆಗಳಿಗೆ ತೇಪೆ ಹಾಕುವ ಐವತ್ತರ ಆಸುಪಾಸಿನ ಹೆಂಗಸೊಬ್ಬಳಿದ್ದಳು. ಆರು ವರ್ಷಗಳ ಹಿಂದೆ ಅವಳು ಗಾಜಿನ ಮೇಲಿನ ಒಂದು ಕಲೆಯನ್ನು ಬೆರಳಿಟ್ಟು ತೋರಿಸಿದಳು. ಜುಂಜಯ್ಯ ಒರೆಸಿದ. ಮತ್ತೆ ತೋರಿಸಿದಳು. ಕಂಬಳಿ ಹಾಕಿ ಉಜ್ಜಿದ. ಮೂರನೆಯ ಸಲ ಅವನು ಉಗುರಿನಿಂದ ಕೆರೆಯಲು ಹೊರಟಾಗ, ಅವಳು ಸೆರಗಿನ ತುದಿಯಿಂದ ಆ ಕಲೆಯನ್ನು ಒಳಗಿನಿಂದಲೇ ಒರೆಸಿಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ಸದ್ದು ಅವನಿಗೆ ಕೇಳಿಸಲಿಲ್ಲ, ಭುಜ ಕುಲುಕುವುದು ಕಂಡಿತು, ಅಷ್ಟೆ. ಹಗ್ಗದ ಮೇಲೆ ಅವನೂ ನಕ್ಕ.

ಅಲ್ಲಿಂದ ಅವರ ಮಾತುಕತೆ ಮೊದಲಾಯಿತು. ಮಗಳಿಗೆ ಹೆರಿಗೆಯಾದದ್ದನ್ನು ಅವಳು ತೋಳಲ್ಲಿ ತೊಟ್ಟಿಲು ತೂಗಿ ತಿಳಿಸಿದಳು. ಅಣ್ಣನ ಮಂದೆಯಲ್ಲಿ ಅವಳಿಜವಳಿ ಮರಿ ಹುಟ್ಟಿದ್ದನ್ನು ಇವನು ಹಣೆಗೆ ಕೊಂಬಿನಂತೆ ಎರಡು ಬೆರಳು ಹಚ್ಚಿ, ಆಮೇಲೆ ಅವೆರಡನ್ನೂ ಜೋಡಿಸಿ ತಿಳಿಸಿದ. ಒಮ್ಮೆ ಜ್ವರ ಬಂದು ಒಂದು ಮಂಗಳವಾರ ತಪ್ಪಿಹೋಯಿತು. ಮುಂದಿನ ಸಲ ಅವಳು ಹುಬ್ಬೇರಿಸಿ ಕೇಳಿದಳು. ಇವನು ಹಣೆಯ ಮೇಲೆ ಕೈಯಿಟ್ಟು ತೋರಿಸಿದ್ದಕ್ಕೆ ಗದರುವಂತೆ ತಲೆಯಾಡಿಸಿ, ಹೊಲಿಯುತ್ತಿದ್ದ ಹೊದಿಕೆಯನ್ನೇ ಎತ್ತಿ ಹೊದ್ದು ತೋರಿಸಿ, ಬೆಚ್ಚಗಿರಬೇಕೆಂದು ಹೇಳಿದಳು. ಅವನ ಹೆಂಡತಿ ಜಯಕ್ಕ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು. ಆ ಹನ್ನೊಂದು ವರ್ಷಗಳಲ್ಲಿ ಅವನಿಗೆ ಎಷ್ಟೋ ಸಲ ಜ್ವರ ಬಂದಿತ್ತು. ಯಾಕೆ ಬರಲಿಲ್ಲವೆಂದು ಕೇಳಿದವಳು ಇವಳೊಬ್ಬಳೇ.

ಹೋದ ವರ್ಷ ಹಿರಿಯೂರಿನಲ್ಲಿ ಎರಡನೆಯ ಮಹಡಿಯ ಗಾಜು ಒರೆಸುತ್ತಿದ್ದ ಒಬ್ಬಾತ ಬಿದ್ದು ಸೊಂಟ ಮುರಿದುಕೊಂಡ. ಜುಂಜಯ್ಯನಿಗೆ ಕೆಲಸ ಕೊಡುವ ಶಿವರಾಜ್ ಹೊಟ್ಟೆಯಲ್ಲಿ ಕರುಣೆಯಿರುವ ಮನುಷ್ಯ. ಅವನು ಅಂದೇ ಹಗ್ಗಗಳನ್ನೆಲ್ಲ ಸುತ್ತಿ ಮೂಲೆಗೆ ಹಾಕಿಸಿ, ತಿಂಗಳೊಳಗೆ ನೀರಿನ ಕೋಲನ್ನು ತರಿಸಿದ. ಒಂದರೊಳಗೊಂದು ಸೇರಿಕೊಂಡು ನಾಲ್ಕು ಮಹಡಿಯೆತ್ತರಕ್ಕೆ ಬೆಳೆಯುವ ಹಗುರವಾದ ಕೋಲು, ಅದರ ಒಡಲಲ್ಲಿ ಸಣ್ಣ ಕೊಳವೆ, ತುದಿಯಲ್ಲಿ ನೀರು ಚಿಮ್ಮುವ ಬ್ರಷ್ಷು. ಅದರ ಜೊತೆಗೆ ಬಂದ ಗಾಡಿಯ ಮೇಲಿನ ಫಿಲ್ಟರುಗಳು ನೀರಿನ ಲವಣವನ್ನೆಲ್ಲ ಹೀರಿಬಿಡುತ್ತವೆ. ಲವಣ ಅಳೆಯುವ ಪುಟ್ಟ ಮೀಟರಿನಲ್ಲಿ ಸೊನ್ನೆ ಬಂದರೆ ಸರಿ. ನೆಲದ ಮೇಲೆ ನಿಂತು ಉಜ್ಜಿ, ತೊಳೆದು, ಬಿಟ್ಟುಬಿಡಬೇಕು. ಒರೆಸುವ ಮಾತೇ ಇಲ್ಲ.

"ಇನ್ನ ಮ್ಯಾಲೆ ಹತ್ತೋದು ಬ್ಯಾಡ ಜುಂಜಣ್ಣ. ಮಂಡಿ ನೋವು ಅಂತಿದ್ದೆ, ಆರಾಮಾಗಿ ನಿಂತ್ಕಂಡು ಕೆಲ್ಸ ಮಾಡು" ಎಂದ ಶಿವರಾಜ್.

ಮೊದಲ ದಿನ ಹೊಸದುರ್ಗದ ಬಟ್ಟೆಯಂಗಡಿಯೊಂದರ ಮುಂದೆ ನೀರಿಳಿಯುವ ಗಾಜನ್ನು ನೋಡುತ್ತ ಜುಂಜಯ್ಯ ಕೈ ಕೈ ಹಿಸುಕಿಕೊಂಡ. ಒಣಬಟ್ಟೆ ಹಿಡಿದು ಎರಡು ಸಲ ಏಣಿಯ ಕಡೆ ಹೊರಟವನನ್ನು ಶಿವರಾಜ್ ತೋಳು ಹಿಡಿದು ನಿಲ್ಲಿಸಿದ. ಕೊನೆಗೆ ಗಾಜು ಒಣಗಿತು. ಒಂದು ಚುಕ್ಕೆಯೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಯಾವುದರ ವಿರುದ್ಧ ಹೋರಾಡಿದ್ದನೋ ಅದು ಇಷ್ಟು ಸುಲಭವಾಗಿ ಸೋತದ್ದನ್ನು ನೋಡಿ ಅವನು ಒಣಬಟ್ಟೆಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡ.

ಆಸ್ಪತ್ರೆಯ ಮಂಗಳವಾರ ಬಂದಾಗಲೇ ಅವನಿಗೆ ನಿಜವಾದ ನಷ್ಟ ತಿಳಿದದ್ದು. ಕೋಲು ಮೂರನೆಯ ಮಹಡಿಯನ್ನು ಮುಟ್ಟಿತು. ಕತ್ತೆತ್ತಿ ನೋಡಿದರೆ ಅಲ್ಲಿ ಕಂಡದ್ದು ಆಕಾಶ, ಒಂದು ವಿದ್ಯುತ್ ತಂತಿ, ತನ್ನದೇ ಬ್ರಷ್ಷು. ಅವಳು ಕೈ ಬೀಸಿದಳೋ ಇಲ್ಲವೋ ಗೊತ್ತಾಗಲಿಲ್ಲ. ಅಂದಾಜಿನ ಮೇಲೆ ತಾನೇ ಒಮ್ಮೆ ಕೈಯೆತ್ತಿ ತೋರಿಸಿದ. ಕಾವಲುಗಾರ ತನ್ನನ್ನೇ ಕರೆದನೆಂದು ಎದ್ದುಬಂದ. ಒಂದು ಮಂಗಳವಾರ ಹೀಗೆ ಹೋಯಿತು, ಇನ್ನೊಂದೂ ಹೋಯಿತು. ಬಾಡಿಗೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಅವನಿಗೆ ಎದೆ ಬರಿದಾದಂತಾಗುತ್ತಿತ್ತು. ಯಾರಿಗೆ ಹೇಳುವುದು, ಏನೆಂದು ಹೇಳುವುದು? ಮಂಡಿನೋವು ಕಡಿಮೆಯಾಗಿತ್ತಲ್ಲ.

ಆಗ ಆ ಪ್ರಾಮಾಣಿಕ ಮನುಷ್ಯ ತನ್ನ ಜೀವನದ ಒಂದೇ ಒಂದು ಕಳ್ಳಕೆಲಸ ಮಾಡಿದ. ಬೇರೆಲ್ಲ ಗಾಜುಗಳನ್ನು ಸೊನ್ನೆಯ ನೀರಿನಿಂದ ತೊಳೆದು, ಆ ಒಂದು ಕಿಟಕಿಗೆ ಮಾತ್ರ ಫಿಲ್ಟರನ್ನು ತಪ್ಪಿಸಿ ಕೊಳವೆಬಾವಿಯ ಉಪ್ಪುನೀರನ್ನು ಹಾಯಿಸಿ, ಸುಡುಬಿಸಿಲಿನಲ್ಲಿ ಒಣಗಲು ಬಿಟ್ಟ. ಅವನ ಲೆಕ್ಕಾಚಾರ ಸರಳವಾಗಿತ್ತು: ಚುಕ್ಕೆ ಗಟ್ಟಿಯಾದರೆ ಕೋಲಿಗೆ ಬಗ್ಗುವುದಿಲ್ಲ, ದೂರು ಬರುತ್ತದೆ, ಕೈಯಿಂದ ತಿಕ್ಕಲು ಮೇಲಕ್ಕೆ ಕಳಿಸಲೇಬೇಕಾಗುತ್ತದೆ. ನಾಲ್ಕು ಮಂಗಳವಾರ ಕಾದ. ಗಾಜು ಸುಣ್ಣ ಹೊಡೆದಂತಾಯಿತು. ದೂರೂ ಬಂತು.

"ಒಂದ್ಸಲ ಮಾತ್ರ, ಹುಷಾರು" ಎಂದು ಶಿವರಾಜ್ ಹಗ್ಗವನ್ನು ತಾನೇ ಎರಡೆರಡು ಸಲ ಎಳೆದುನೋಡಿ ಕಳಿಸಿದ. ಜುಂಜಯ್ಯ ಅಂದು ಕ್ಷೌರ ಮಾಡಿಸಿಕೊಂಡಿದ್ದ. ಮೂರನೆಯ ಮಹಡಿಗೆ ಇಳಿದು, ನಿಂಬೆಯ ಹುಳಿ ಬೆರೆಸಿದ ನೀರು ಹಚ್ಚಿ, ಅಂಗೈಯಗಲದ ಒಂದು ಜಾಗವನ್ನು ತಿಳಿಯಾಗಿಸಿ ಮುಖವನ್ನು ಹತ್ತಿರ ತಂದ. ಕಿಟಕಿಯ ಬಳಿ ಯಂತ್ರವಿರಲಿಲ್ಲ. ಬೆಳಕು ಬಾರದ ಕಿಟಕಿಯೆದುರು ಸೂಜಿಗೆ ದಾರ ಪೋಣಿಸಲಾಗದೆ, ಅದನ್ನು ಎದುರುಗೋಡೆಯ ಟ್ಯೂಬ್‌ಲೈಟಿನ ಕೆಳಕ್ಕೆ ಸರಿಸಿಕೊಂಡಿದ್ದಳು. ಇವನಿಗೆ ಕಂಡದ್ದು ಅವಳ ಬೆನ್ನು, ನರೆತ ತುರುಬು, ಪೆಡಲಿನ ಮೇಲೆ ಆಡುವ ಹಿಮ್ಮಡಿ.

ಗಾಜನ್ನು ತಟ್ಟಿದ್ದರೆ ತಿರುಗುತ್ತಿದ್ದಳು. ಆದರೆ ಹೊರಗಿನವನು ತಟ್ಟಿದರೆ ಒಳಗಿನವರು ಬೆಚ್ಚುತ್ತಾರೆಂದು ಈ ಕಸುಬಿನವರು ತಟ್ಟುವುದಿಲ್ಲ. ಅಲ್ಲದೆ ಈ ಕಲೆ ಹೇಗಾಯಿತೆಂದು ಕೈಸನ್ನೆಯಲ್ಲಿ ಅವಳು ಕೇಳಿದರೆ ಏನು ಹೇಳುವುದು? ಅವನು ಇಡೀ ಗಾಜನ್ನು ತಿಕ್ಕಿ, ರಬ್ಬರು ಪಟ್ಟಿ ಎಳೆದು, ಮೂಲೆಗಳನ್ನು ಒಣಗಿಸಿದ. ಒಂದು ಗಂಟೆ ಹಿಡಿಯಿತು. ಅವಳು ಒಮ್ಮೆಯೂ ತಿರುಗಲಿಲ್ಲ.

ಇದನ್ನೆಲ್ಲ ಅವನು ಕಾಳಕ್ಕನ ಅಂಗಡಿಯಲ್ಲಿ ನನಗೆ ಹೇಳಿದ್ದು ತಿಂಗಳಾದ ಮೇಲೆ. "ಅಲ್ಲಯ್ಯ, ಮೆಟ್ಟಿಲು ಹತ್ತಿ ಬಾಗಿಲಿಂದ ಹೋಗಿ ಮಾತಾಡಿಸಬಾರದೇನು?" ಎಂದೆ.

"ಏನಂತ ಹೋಗ್ಲಿ ಸಾರ್? ಕಿಟಕಿ ಒರ್ಸೋನು ಅಂತ ಹೋದ್ರೆ, ಒರ್ಸೋ ಕಿಟಕಿ ಹೊರಗಡೆ ಐತೆ."

ನಾನು ಸುಮ್ಮನಿರದೆ ಆಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡು ಬಂದೆ. ಮರುವಾರ ಉತ್ಸಾಹದಿಂದ, "ಆಕೆಯ ಹೆಸರು ಗೊತ್ತಾಯಿತು" ಎಂದು ಆರಂಭಿಸಿದರೆ ಅವನು ಅಂಗೈ ಅಡ್ಡ ಹಿಡಿದ.

"ಬ್ಯಾಡ, ಹೇಳಬ್ಯಾಡ್ರಿ ಸಾರ್. ಹೆಸ್ರು ಗೊತ್ತಾದ್ರೆ ಕರೀಬೇಕು ಅನ್ಸುತ್ತೆ."

ಕೋಲು ಒಳ್ಳೆಯದೇ, ಯಾರೂ ಬೀಳಬಾರದು, ಯಾರ ಸೊಂಟವೂ ಮುರಿಯಬಾರದು. ಆದರೆ ಜುಂಜಯ್ಯನಂಥವರು ಎಲ್ಲ ಊರುಗಳಲ್ಲಿದ್ದಾರೆ. ಇವರ ಸ್ನೇಹಗಳಿಗೆ ಪ್ರತ್ಯೇಕವಾದ ವಿಳಾಸವಿರುವುದಿಲ್ಲ, ಕೆಲಸದ ದಾರಿಯಲ್ಲಿಯೇ ಅವು ಹುಟ್ಟಿ ಕೆಲಸದ ನೆಪದಲ್ಲಿಯೇ ಬದುಕುತ್ತವೆ. ಕೆಲಸದ ರೀತಿ ಬದಲಾದ ದಿನ ಇವರ ಕೂಲಿ ಹೋಗುವುದಿಲ್ಲ, ಆರೋಗ್ಯ ಕೆಡುವುದಿಲ್ಲ. ಕಳೆದುಕೊಂಡದ್ದು ಇಂಥದ್ದೆಂದು ಯಾರ ಮುಂದೆಯೂ ಅರ್ಜಿ ಹಿಡಿದು ನಿಲ್ಲುವಂತಿರುವುದಿಲ್ಲ. ಅಂಥವರು ಮೊದಲಿನಂತೆಯೇ ಹೊತ್ತಿಗೆ ಸರಿಯಾಗಿ ಬಂದು, ಮೊದಲಿಗಿಂತ ಚೆನ್ನಾಗಿ ದುಡಿದು ಹೋಗುತ್ತಾರೆ, ಮತ್ತು ನಾವು ಅವರನ್ನು ಸುಖವಾಗಿದ್ದಾರೆಂದು ತಿಳಿಯುತ್ತೇವೆ.